ದೂರದ ದನಿಯನ್ನು ಹಿಡಿದ ಪೆಟ್ಟಿಗೆ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಿಂದ ಭೂಪಟದ ಮೇಲೆ ನೇರ ಗೆರೆ ಎಳೆದು ಅಳೆದರೆ ಭದ್ರಾವತಿ ಸುಮಾರು 75 ಕಿಲೊಮೀಟರ್, ಮೈಸೂರು 130, ಬೆಂಗಳೂರು 190, ಧಾರವಾಡ 260ಕ್ಕೂ ಹೆಚ್ಚು. ಸಮುದ್ರದಾಚೆಯ ಕೊಲಂಬೊ 800 ಕಿಲೊಮೀಟರಿನ ಮೇಲೆ. ಈ ಅಂಕಿಗಳನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕನ್ನಡ ನಾಡಿನ ಬಾನುಲಿಯ ಚರಿತ್ರೆ ಎಂದರೆ ಸಾಮಾನ್ಯವಾಗಿ ನಿಲಯಗಳ ಚರಿತ್ರೆ. ಯಾವ ಊರಿನಲ್ಲಿ ಯಾವ ವರ್ಷ ನಿಲಯ ಆರಂಭವಾಯಿತು, ಯಾರು ಹಾಡಿದರು, ಯಾರು ವಾರ್ತೆ ಓದಿದರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆ ದನಿ ಕೇಳುವವರ ಮನೆಗೆ ಹೇಗೆ ತಲುಪುತ್ತಿತ್ತು, ನಿಲಯವೇ ಇಲ್ಲದ ಊರಿನ ಕೇಳುಗ ಏನು ಮಾಡುತ್ತಿದ್ದ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಗೆಂಡೆಹಳ್ಳಿಯಂಥ ಊರಿಗೆ ದಶಕಗಳ ಕಾಲ ಹತ್ತಿರದ ನಿಲಯ ಎಂಬುದೇ ಇರಲಿಲ್ಲ. ಇದ್ದದ್ದು ದೂರದಿಂದ ಬಂದ, ಬಳಲಿದ ಅಲೆ ಮತ್ತು ಅದನ್ನು ಹಿಡಿದು ಮಾತನಾಡಿಸುವ ಒಂದು ಮರದ ಪೆಟ್ಟಿಗೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವ್ಯಾಟ್ ಶಕ್ತಿಯ ಪ್ರೇಷಕ. ಮನೆಯಲ್ಲಿ ಉರಿಯುವ ಒಂದು ಮಂಕು ಬಲ್ಬಿನಷ್ಟು ಶಕ್ತಿ. ಮುಂದೆ 250 ವ್ಯಾಟಿನ ಪ್ರೇಷಕ ಬಂದಿತು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಈ ನಿಲಯಕ್ಕಾಗಿ. ಹೆಸರಿಟ್ಟವರು ಯಾರೆಂಬ ಬಗ್ಗೆ ಒಂದಕ್ಕಿಂತ ಹೆಚ್ಚು ಮಾತುಗಳಿದ್ದರೂ ನಾ. ಕಸ್ತೂರಿಯವರ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ. 1942ರಲ್ಲಿ ಮೈಸೂರು ಸಂಸ್ಥಾನ ನಿಲಯವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಅದು ಅಖಿಲ ಭಾರತ ಜಾಲಕ್ಕೆ ಸೇರಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾದಾಗ ಮೈಸೂರಿನ ಪ್ರಸಾರ ಅಲ್ಲಿಗೆ ಹೋಯಿತು. ಅಷ್ಟರಲ್ಲಿ, 1950ರಲ್ಲಿ, ಧಾರವಾಡ ನಿಲಯ ಶುರುವಾಗಿತ್ತು. ಭದ್ರಾವತಿಗೆ ನಿಲಯ ಬಂದದ್ದು 1965ರಲ್ಲಿ. ಮೈಸೂರಿನ ಹೆಸರು ಮಾತ್ರ ಇಡೀ ದೇಶದ ಬಾನುಲಿಯ ಹೆಸರಾಗಿ ಉಳಿಯಿತು.

ಹೆಸರು ದೇಶಕ್ಕೆಲ್ಲ ತಲುಪಿದರೂ ಅದರ ಮೊದಲ ದನಿ ತನ್ನದೇ ಸಂಸ್ಥಾನದ ಅಂಚಿಗೆ ತಲುಪುವುದು ಸುಲಭವಿರಲಿಲ್ಲ. ಮಧ್ಯಮ ತರಂಗ, ಎಂದರೆ ಜನ ‘ಮೀಡಿಯಂ ವೇವ್’ ಎನ್ನುವ ಅಲೆ, ಹಗಲಿನಲ್ಲಿ ನೆಲವನ್ನು ಹಿಡಿದುಕೊಂಡು ಸಾಗುತ್ತದೆ. ಸಾಗಿದಂತೆಲ್ಲ ನೆಲ ಅದನ್ನು ಹೀರುತ್ತದೆ. ತೇವದ ಬಯಲು ಕಡಿಮೆ ಹೀರಿದರೆ ಕಲ್ಲು ಗುಡ್ಡಗಳ ನೆಲ ಹೆಚ್ಚು ಹೀರುತ್ತದೆ. 250 ವ್ಯಾಟ್ ಶಕ್ತಿಯಿಂದ ಹೊರಟ ಅಲೆ 130 ಕಿಲೊಮೀಟರ್ ದಾಟಿ ಮಲೆನಾಡಿನ ಅಂಚಿಗೆ ಬರುವ ಹೊತ್ತಿಗೆ ಹಗಲಿನಲ್ಲಿ ಉಳಿಯುತ್ತಿದ್ದುದು ಇಲ್ಲವೆನ್ನುವಷ್ಟೇ.

ಕತ್ತಲಾದರೆ ಕಥೆ ಬೇರೆ. ಭೂಮಿಯಿಂದ ಹತ್ತಾರು ಕಿಲೊಮೀಟರ್ ಎತ್ತರದಲ್ಲಿ ಸೂರ್ಯನ ಬಿಸಿಲಿಗೆ ವಿದ್ಯುದಂಶ ತಳೆದ ಗಾಳಿಯ ಪದರಗಳಿವೆ. ಅವುಗಳಲ್ಲಿ ಕೆಳಗಿನ ಪದರ ಹಗಲಿನಲ್ಲಿ ಮಧ್ಯಮ ತರಂಗವನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗುತ್ತದೆ. ಆಗ ಅಲೆ ಇನ್ನೂ ಮೇಲಕ್ಕೆ ಹೋಗಿ, ಮೇಲಿನ ಪದರಕ್ಕೆ ತಾಗಿ, ನೂರಾರು ಕಿಲೊಮೀಟರ್ ಆಚೆ ನೆಲಕ್ಕೆ ಇಳಿಯುತ್ತದೆ. ಇಂಥ ಪದರ ಇರಬೇಕೆಂದು 1902ರಲ್ಲಿ ಕೆನಲಿ ಮತ್ತು ಹೆವಿಸೈಡ್ ಊಹಿಸಿದ್ದರು. 1924ರಲ್ಲಿ ಆಪಲ್ಟನ್ ಅದನ್ನು ಅಳೆದು ತೋರಿಸಿದರು. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಇದರ ಅಧ್ಯಯನದಲ್ಲಿ ದೊಡ್ಡ ಹೆಸರು. ಹಳ್ಳಿಯವರಿಗೆ ಈ ಹೆಸರುಗಳು ಗೊತ್ತಿರಬೇಕಾಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ರೇಡಿಯೊ ಬಾಯಿ ಬಿಡುತ್ತದೆ ಎಂಬುದು ಗೊತ್ತಿದ್ದರೆ ಸಾಕಿತ್ತು.

ಆದರೆ ರಾತ್ರಿ ಬರುವ ಅಲೆ ಒಂದೇ ಅಲ್ಲ. ಬೇಡವಾದ ಹತ್ತಾರು ನಿಲಯಗಳೂ ಅದೇ ಆಕಾಶದಿಂದ ಒಟ್ಟಿಗೆ ಇಳಿಯುತ್ತವೆ. ಈ ಗದ್ದಲದಲ್ಲಿ ಬೇಕಾದ ಒಂದನ್ನು ಆರಿಸುವುದು, ಆರಿಸಿದ ಕ್ಷೀಣ ದನಿಯನ್ನು ಮನೆಮಂದಿಗೆ ಕೇಳುವಷ್ಟು ಹಿಗ್ಗಿಸುವುದು, ಇವೆರಡೂ ಪೆಟ್ಟಿಗೆಯ ಕೆಲಸ. ಹಳೆಯ ರೇಡಿಯೊದ ಒಳಗಿನ ಜಾಣತನವೆಲ್ಲ ಈ ಎರಡು ಕೆಲಸಗಳ ಸುತ್ತಲೇ ಇದೆ.

ಕೆಲಸ ಶುರುವಾಗುವುದು ಏರಿಯಲ್‌ನಿಂದ. ಎರಡು ಮರಗಳ ನಡುವೆಯೋ, ಮನೆಯ ಮಾಡಿನಿಂದ ತೆಂಗಿನ ಮರಕ್ಕೋ ಎಳೆದ ತಾಮ್ರದ ತಂತಿ, ಇಲ್ಲವೇ ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ತಾಮ್ರದ ಜಾಲರಿ ಪಟ್ಟಿ. ಇನ್ನೊಂದು ತಂತಿ ಹೊರಗೆ ನೆಲದಲ್ಲಿ ಹೂತ ಲೋಹದ ಸರಳಿಗೆ. ಬೇಸಿಗೆಯಲ್ಲಿ ಆ ಸರಳಿನ ಬುಡಕ್ಕೆ ನೀರು ಹೊಯ್ಯುವುದು ರೇಡಿಯೊ ಇದ್ದ ಮನೆಯ ಹುಡುಗರ ಪಾಲಿನ ಕೆಲಸ. ನೆಲ ಒಣಗಿದರೆ ದನಿ ಸೊರಗುತ್ತದೆ. ಮಳೆಗಾಲದ ಸಿಡಿಲಿಗೆ ಹೆದರಿ ಏರಿಯಲ್ ತಂತಿಯನ್ನು ರೇಡಿಯೊದಿಂದ ಕಿತ್ತು ಸರಳಿಗೆ ಸಿಕ್ಕಿಸುವುದೂ ಅಷ್ಟೇ ಮುಖ್ಯವಾಗಿತ್ತು. ದೂರದ ನಿಲಯದ ಅಲೆ ಈ ತಂತಿಯಲ್ಲಿ ಹುಟ್ಟಿಸುವ ವಿದ್ಯುತ್ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಪಾಲು ಮಾತ್ರ.

ತಂತಿಯಲ್ಲಿ ಎಲ್ಲ ನಿಲಯಗಳ ವಿದ್ಯುತ್ತೂ ಬೆರೆತಿರುತ್ತದೆ. ಬೇರ್ಪಡಿಸಲು ಬಳಸುವುದು ಒಂದು ತಂತಿಯ ಸುರುಳಿ ಮತ್ತು ಒಂದು ಕಂಡೆನ್ಸರ್. ಪಂಚಮಿಯ ಜೋಕಾಲಿ ಇದರ ಗುಟ್ಟನ್ನು ಚೆನ್ನಾಗಿ ತಿಳಿಸುತ್ತದೆ. ಜೋಕಾಲಿಗೆ ತನ್ನದೇ ಆದ ಒಂದು ತೂಗಿನ ಲಯವಿದೆ. ಆ ಲಯಕ್ಕೆ ಸರಿಯಾಗಿ ಮಗುವೊಂದು ಬೆರಳಿನಿಂದ ನೂಕಿದರೂ ಅದು ದೊಡ್ಡದಾಗಿ ತೂಗುತ್ತದೆ. ಲಯ ತಪ್ಪಿ ನೂಕಿದರೆ ದೊಡ್ಡವರ ಬಲವೂ ವ್ಯರ್ಥ. ಸುರುಳಿ ಮತ್ತು ಕಂಡೆನ್ಸರುಗಳ ಜೋಡಿಯೂ ಹೀಗೆಯೇ ತನ್ನ ಲಯಕ್ಕೆ ಹೊಂದುವ ನಿಲಯಕ್ಕೆ ಮಾತ್ರ ತೂಗುತ್ತದೆ. ಹೊರಗಿನ ಗುಂಡಿ ತಿರುಗಿಸಿದಾಗ ಒಳಗೆ ಒಂದರೊಳಗೊಂದು ಸರಿಯುವ ಅಲ್ಯೂಮಿನಿಯಂ ತಗಡುಗಳೇ ಆ ಕಂಡೆನ್ಸರ್. ಅದೇ ಗುಂಡಿಗೆ ಸುತ್ತಿದ ದಾರ ಡಯಲ್ ಗಾಜಿನ ಹಿಂದೆ ಮುಳ್ಳನ್ನು ಎಳೆಯುತ್ತದೆ.

ತೀರ ಮೊದಲಿನ ರೇಡಿಯೊಗಳಲ್ಲಿ ಇಷ್ಟೇ ಇತ್ತು. ಜೋಡಿಯ ಮುಂದೆ ಒಂದು ಹರಳು, ಕಿವಿಗೆ ಹಚ್ಚುವ ಒಂದು ಸಾಧನ. ಹರಳು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಟ್ಟು, ಅಲೆಯ ಮೇಲೆ ಹೊರಿಸಿದ್ದ ಮಾತನ್ನು ಬಿಡಿಸಿಕೊಡುತ್ತದೆ. ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ಅಲೆಗಳನ್ನು ಪತ್ತೆ ಹಚ್ಚುವ ಉಪಕರಣಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಜಗದೀಶಚಂದ್ರ ಬೋಸ್. ಹರಳಿನ ರೇಡಿಯೊಗೆ ಬ್ಯಾಟರಿ ಬೇಡ, ಖರ್ಚಿಲ್ಲ. ಆದರೆ ಅದು ದನಿಯನ್ನು ಹಿಗ್ಗಿಸಲಾರದು. ನಿಲಯವಿರುವ ಪಟ್ಟಣದಲ್ಲಿ ಅದು ಸಾಕಾದೀತು, ಗೆಂಡೆಹಳ್ಳಿಗೆ ನಿರುಪಯೋಗಿ.

ಹಿಗ್ಗಿಸುವ ಶಕ್ತಿ ಬಂದದ್ದು ವಾಲ್ವ್‌ನಿಂದ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ತುದಿಗಳ ವಾಲ್ವ್ ಮಾಡಿದರು. ಎರಡು ವರ್ಷದ ಮೇಲೆ ಅಮೆರಿಕದ ಡಿ ಫಾರೆಸ್ಟ್ ಅದರೊಳಗೆ ಮೂರನೆಯದೊಂದು ತಂತಿಯನ್ನು ಸೇರಿಸಿದರು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು, ಎದುರಿನ ತಗಡಿನತ್ತ ಹರಿಯುತ್ತವೆ. ಆ ತಗಡಿಗೆ 90 ವೋಲ್ಟಿನಿಂದ 250 ವೋಲ್ಟಿನವರೆಗೆ ವಿದ್ಯುತ್ ಒತ್ತಡ. ನಡುವೆ ಇರುವ ತೆಳು ತಂತಿಯ ಸುರುಳಿಗೆ ಗ್ರಿಡ್ ಎಂದು ಹೆಸರು. ಹಳೇಬೀಡಿನ ಕೆರೆಯ ತೂಬನ್ನು ನೆನೆದರೆ ಗ್ರಿಡ್ ಅರ್ಥವಾಗುತ್ತದೆ. ತೂಬಿನ ಬಾಗಿಲನ್ನು ಅರ್ಧ ಗೇಣು ಎತ್ತಿ ಇಳಿಸಲು ಒಬ್ಬನ ಕೈಬಲ ಸಾಕು. ಅದರಿಂದ ಕಾಲುವೆಯಲ್ಲಿ ಏರಿಳಿಯುವ ನೀರಿನ ಬಲ ಆ ಕೈಯದಲ್ಲ, ಕೆರೆಯದು. ಏರಿಯಲ್‌ನಿಂದ ಬಂದ ಅತಿ ಸಣ್ಣ ಏರಿಳಿತವನ್ನು ಗ್ರಿಡ್‌ಗೆ ಕೊಟ್ಟರೆ ಬ್ಯಾಟರಿಯಿಂದ ಹರಿಯುವ ದೊಡ್ಡ ಪ್ರವಾಹ ಅದೇ ಆಕಾರದಲ್ಲಿ ಏರಿಳಿಯುತ್ತದೆ.

ಹಾಗಾದರೆ ವಾಲ್ವ್‌ಗಳನ್ನು ಸಾಲಾಗಿ ಜೋಡಿಸುತ್ತ ಹೋದರೆ ಆಯಿತಲ್ಲ ಎನ್ನಿಸಬಹುದು. 1920ರ ದಶಕದ ರೇಡಿಯೊಗಳು ಮಾಡಿದ್ದು ಅದನ್ನೇ, ತೊಡಕಿಗೆ ಸಿಕ್ಕಿದ್ದೂ ಅಲ್ಲೇ. ಪ್ರತಿ ವಾಲ್ವ್‌ನ ಮುಂದೆಯೂ ಒಂದು ಸುರುಳಿ-ಕಂಡೆನ್ಸರ್ ಜೋಡಿ ಬೇಕು, ನಿಲಯ ಬದಲಿಸಿದಾಗ ಎಲ್ಲವನ್ನೂ ಒಂದೊಂದಾಗಿ ಶ್ರುತಿ ಮಾಡಬೇಕು. ಕೆಲವು ಬಗೆಯ ರೇಡಿಯೊಗಳಲ್ಲಿ ಹಿಗ್ಗಿದ ದನಿಯ ಒಂದು ಪಾಲನ್ನು ಮತ್ತೆ ಹಿಂದಕ್ಕೆ ಕೊಟ್ಟು ಇನ್ನಷ್ಟು ಹಿಗ್ಗಿಸುತ್ತಿದ್ದರು. ಗುಂಡಿ ಕೂದಲೆಳೆಯಷ್ಟು ಹೆಚ್ಚು ತಿರುಗಿದರೆ ಆ ಪೆಟ್ಟಿಗೆ ಕುಯ್ಯೆಂದು ಊಳಿಟ್ಟು, ತಾನೇ ಸಣ್ಣ ನಿಲಯವಾಗಿ, ಪಕ್ಕದ ಮನೆಯ ರೇಡಿಯೊವನ್ನೂ ಕೆಡಿಸುತ್ತಿತ್ತು.

ಇದಕ್ಕೆ ಪರಿಹಾರ ಕಂಡವರು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್, 1918ರಲ್ಲಿ, ಮೊದಲ ಮಹಾಯುದ್ಧದ ಸೈನ್ಯದ ಕೆಲಸದ ಮೇಲೆ ಫ್ರಾನ್ಸಿನಲ್ಲಿದ್ದಾಗ. ಅವರ ಉಪಾಯ ಇಷ್ಟು. ಬೇರೆ ಬೇರೆ ಆವರ್ತನದಲ್ಲಿ ಬರುವ ನಿಲಯಗಳ ಹಿಂದೆ ಇಡೀ ರೇಡಿಯೊ ಓಡುವುದು ಬೇಡ. ಯಾವ ನಿಲಯ ಬಂದರೂ ಅದನ್ನು ಮೊದಲು ಒಂದೇ ಗೊತ್ತಾದ ಆವರ್ತನಕ್ಕೆ ಇಳಿಸಿಕೊಳ್ಳಬೇಕು, ಹಿಗ್ಗಿಸುವ ಕೆಲಸವನ್ನು ಆ ಆವರ್ತನದಲ್ಲಿ ಮಾಡಬೇಕು. ಇದಕ್ಕೆ ಸೂಪರ್‌ಹೆಟರೊಡೈನ್ ಎಂಬ ಉದ್ದ ಹೆಸರು. ರಿಪೇರಿ ಅಂಗಡಿಗಳಲ್ಲಿ ಅದು ‘ಸೂಪರ್‌ಹೆಟ್’ ಆಯಿತು.

ತಂಬೂರಿ ಶ್ರುತಿ ಮಾಡುವುದನ್ನು ಕಿವಿಗೊಟ್ಟು ಕೇಳಿದವರಿಗೆ ಇದು ಹೊಸದಲ್ಲ. ಎರಡು ತಂತಿಗಳು ಶ್ರುತಿಗೆ ತೀರ ಹತ್ತಿರ ಬಂದು ಇನ್ನೂ ಕೂಡದಿದ್ದಾಗ ನಿಧಾನವಾದ ಒಂದು ಅಲುಗು ಕೇಳುತ್ತದೆ. ಆ ಅಲುಗು ಎರಡರ ವ್ಯತ್ಯಾಸ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಮಿಡಿದರೆ ಅಲುಗು ಸೆಕೆಂಡಿಗೆ ಮೂರು. ರೇಡಿಯೊ ತನ್ನೊಳಗೆ ತಾನೇ ಒಂದು ತಂತಿಯನ್ನು ಮೀಟಿಕೊಳ್ಳುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್‌ಗೆ ಮುಳ್ಳನ್ನು ಇಟ್ಟಾಗ ಒಳಗಿನ ಆಂದೋಲಕ 1067ರಲ್ಲಿ ಮಿಡಿಯುತ್ತದೆ. ವ್ಯತ್ಯಾಸ 455. ಧಾರವಾಡದ 765ಕ್ಕೆ ತಿರುಗಿಸಿದರೆ ಅದು 1220ಕ್ಕೆ ಏರುತ್ತದೆ. ವ್ಯತ್ಯಾಸ ಮತ್ತೆ 455. ಭದ್ರಾವತಿಯ 675ಕ್ಕೆ 1130, ಆಗಲೂ 455. ಈ ಎರಡು ಶ್ರುತಿಗಳೂ ಜೊತೆ ತಪ್ಪದಿರಲೆಂದೇ ತಗಡುಗಳ ಕಂಡೆನ್ಸರ್ ಒಂದೇ ಅಚ್ಚಿನ ಮೇಲೆ ಎರಡು ಭಾಗವಾಗಿರುತ್ತದೆ. ಅದಕ್ಕೇ ‘ಗ್ಯಾಂಗ್’ ಎಂದು ಹೆಸರು. ತಂಬೂರಿಯ ಹೋಲಿಕೆಗೆ ಒಂದು ಮಿತಿಯಿದೆ. ಅಲ್ಲಿ ಎರಡು ನಾದ ಸುಮ್ಮನೆ ಕೂಡುತ್ತವೆ. ರೇಡಿಯೊದ ಮಿಶ್ರಕ ವಾಲ್ವ್ ಒಂದರಿಂದ ಇನ್ನೊಂದನ್ನು ಹಿಂಡಿ, ವ್ಯತ್ಯಾಸವನ್ನೇ ಹೊಸದೊಂದು ಅಲೆಯಾಗಿ ಹುಟ್ಟಿಸುತ್ತದೆ.

455 ಕಿಲೊಹರ್ಟ್ಸ್‌ಗೆ ಕಾರ್ಖಾನೆಯಲ್ಲೇ ಶ್ರುತಿ ಮಾಡಿ ಮುಚ್ಚಿದ ಸಣ್ಣ ಅಲ್ಯೂಮಿನಿಯಂ ಡಬ್ಬಿಗಳು ಒಳಗೆ ಎರಡಿರುತ್ತವೆ. ಮೆಕ್ಯಾನಿಕ್ಕರ ಮಾತಿನಲ್ಲಿ ಅವು ‘ಐ.ಎಫ್.ಟಿ.’ಗಳು. ಪಕ್ಕದ ನಿಲಯವನ್ನು ಹೊರಗಿಟ್ಟು ಬೇಕಾದದ್ದನ್ನು ಮಾತ್ರ ಬಿಡುವ ಬಿಗಿಯಾದ ಬಾಗಿಲು ಇವು. ಕುತೂಹಲಕ್ಕೆಂದು ಸ್ಕ್ರೂಡ್ರೈವರ್ ಹಾಕಿ ಇವುಗಳ ತಿರುಪನ್ನು ತಿರುಗಿಸಿದ ಜಾಣರಿಂದ ಹಾಳಾದ ರೇಡಿಯೊಗಳಿಗೆ ಲೆಕ್ಕವಿಲ್ಲ.

ಮುಂದಿನದು ಸರಳ. ಹಿಗ್ಗಿದ ಅಲೆಯಿಂದ ಹರಳು ಮಾಡುತ್ತಿದ್ದ ಕೆಲಸವನ್ನೇ ಇನ್ನೊಂದು ವಾಲ್ವ್ ಮಾಡಿ ಮಾತನ್ನು ಬಿಡಿಸುತ್ತದೆ. ಕೊನೆಯ ವಾಲ್ವ್ ಆ ಮಾತಿಗೆ ಸ್ಪೀಕರಿನ ಕಾಗದದ ಶಂಕುವನ್ನು ಅಲುಗಿಸುವ ಬಲ ಕೊಡುತ್ತದೆ. ವಿದ್ಯುತ್ತಿನಿಂದ ನಡೆಯುವ ಪೆಟ್ಟಿಗೆಯಾದರೆ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸಲು ಐದನೆಯದೊಂದು ವಾಲ್ವ್. ‘ಫೈವ್ ವಾಲ್ವ್ ಸೆಟ್’ ಎಂಬ ಹೆಮ್ಮೆಯ ಮಾತಿನ ಹಿಂದಿನ ಲೆಕ್ಕ ಇದು.

ಮಾತನ್ನು ಬಿಡಿಸುವ ವಾಲ್ವ್ ಇನ್ನೊಂದು ಉಪಕಾರ ಮಾಡುತ್ತಿತ್ತು. ಗೆಂಡೆಹಳ್ಳಿಯಷ್ಟು ದೂರದ ಊರುಗಳಿಗೆ ರಾತ್ರಿ ಹೊತ್ತು ನಿಲಯದ ಅಲೆ ನೆಲದ ಮೇಲಿನಿಂದ ಒಂದಿಷ್ಟು, ಆಕಾಶದಿಂದ ಒಂದಿಷ್ಟು ಬರುತ್ತದೆ. ಎರಡೂ ಒಮ್ಮೆ ಕೂಡಿಕೊಳ್ಳುತ್ತವೆ, ಮರುಗಳಿಗೆ ಒಂದನ್ನೊಂದು ಅಳಿಸುತ್ತವೆ. ದನಿ ಏರುತ್ತ ಇಳಿಯುತ್ತ ಹೋಗುವುದು ಇದರಿಂದಲೇ. ಅಲೆ ಬಲವಾಗಿ ಬಂದಾಗ ಹಿಂದಿನ ವಾಲ್ವ್‌ಗಳ ಬಿಗಿ ಸಡಿಲಿಸಿ, ಸೊರಗಿದಾಗ ಬಿಗಿಮಾಡುವ ಒಂದು ಏರ್ಪಾಡು ಸೂಪರ್‌ಹೆಟ್‌ನಲ್ಲಿತ್ತು. ನಿಲಯದ ಪಕ್ಕದಲ್ಲೇ ಇದ್ದವರಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೂರದ ಕೇಳುಗರಿಗೆ ರಾತ್ರಿಯ ನಾಟಕವೊಂದನ್ನು ಕೊನೆಯವರೆಗೆ ಕೇಳಲು ಸಾಧ್ಯವಾಗುತ್ತಿದ್ದುದು ಅದರಿಂದ.

ಪೆಟ್ಟಿಗೆ ಎಷ್ಟೇ ಜಾಣನಾಗಿರಲಿ, ಅದಕ್ಕೆ ಹೊಟ್ಟೆಗೆ ಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದರೂ ಹಳ್ಳಿಗಳ ಪಾಲಿಗೆ ಅದು ಬಂದದ್ದು ಬಹಳ ನಿಧಾನವಾಗಿ, ಅನೇಕ ಕಡೆ ಸ್ವಾತಂತ್ರ್ಯ ಬಂದು ದಶಕಗಳು ಕಳೆದ ಮೇಲೆ. ಪಟ್ಟಣದ ಐದು ವಾಲ್ವ್ ರೇಡಿಯೊ 40-50 ವ್ಯಾಟ್ ವಿದ್ಯುತ್ ನುಂಗುತ್ತದೆ. ಅದರ ಬಹುಪಾಲು ವಾಲ್ವ್‌ಗಳನ್ನು ಕಾಯಿಸುವುದಕ್ಕೇ ಖರ್ಚು. ಬ್ಯಾಟರಿಯಿಂದ ಇಷ್ಟು ಕೊಡುವುದು ಆಗದ ಮಾತು. ಆದ್ದರಿಂದ ವಿದ್ಯುತ್ತಿಲ್ಲದ ಊರುಗಳಿಗೆಂದೇ ಬೇರೆ ಜಾತಿಯ ವಾಲ್ವ್‌ಗಳು ಬಂದವು. ಕೂದಲಿಗಿಂತ ತೆಳುವಾದ ತಂತಿ, ಅದನ್ನು ಕಾಯಿಸಲು ಒಂದೂವರೆ ವೋಲ್ಟಿನ ಒಂದು ಬ್ಯಾಟರಿ, ತಗಡಿನ ಒತ್ತಡಕ್ಕೆ 90 ವೋಲ್ಟಿನ ಇನ್ನೊಂದು. 1950ರ ದಶಕದ ಇಂಥ ನಾಲ್ಕು ವಾಲ್ವ್‌ಗಳ ರೇಡಿಯೊ ಒಟ್ಟು ಸುಮಾರು ಒಂದೂವರೆ ವ್ಯಾಟ್‌ನಲ್ಲಿ ನಡೆಯುತ್ತಿತ್ತು. ಸ್ಪೀಕರಿಗೆ ಸಿಗುತ್ತಿದ್ದುದು ಕಾಲು ವ್ಯಾಟ್. ಮನೆಯವರು ಸದ್ದು ಮಾಡದೆ ಕುಳಿತರೆ ಅಷ್ಟು ಸಾಕು. ಇಲ್ಲೊಂದು ಸ್ವಾರಸ್ಯವಿದೆ. ಪಟ್ಟಣದ ರೇಡಿಯೊ ಹಾಕಿದರೆ ವಾಲ್ವ್‌ಗಳು ಕಾಯಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಹಳ್ಳಿಯ ಬ್ಯಾಟರಿ ಸೆಟ್ಟಿನ ತೆಳು ತಂತಿ ಕ್ಷಣದಲ್ಲಿ ಕಾಯುತ್ತಿದ್ದುದರಿಂದ ಗುಂಡಿ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿತ್ತು.

ಆದರೆ 90 ವೋಲ್ಟಿನ ಬ್ಯಾಟರಿ ಒಮ್ಮೆ ತೀರಿದರೆ ಎಸೆಯುವ ವಸ್ತು. ಅದು ದುಬಾರಿಯೂ ಹೌದು. ರೇಡಿಯೊ ಕೊಂಡವನಿಗಿಂತ ಬ್ಯಾಟರಿ ಕೊಳ್ಳುತ್ತಲೇ ಇರಬಲ್ಲವನು ನಿಜವಾದ ಸಿರಿವಂತ ಎನ್ನುವ ಸ್ಥಿತಿ. ಕಾರಿನ ಬ್ಯಾಟರಿಯಂಥ ಆರು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸೆಟ್ಟುಗಳೂ ಇದ್ದವು. ಅವನ್ನು ಮತ್ತೆ ಚಾರ್ಜ್ ಮಾಡಿಸಬಹುದು, ಆದರೆ ಆಸಿಡ್ ತುಂಬಿದ ಆ ಭಾರವನ್ನು ವಿದ್ಯುತ್ತಿರುವ ಊರಿಗೆ ಹೊತ್ತೊಯ್ದು ತರಬೇಕು. ಹೀಗಾಗಿ ಕಾಫಿ ಸೀಮೆಯ ಈ ಅಂಚಿನಲ್ಲಿ ರೇಡಿಯೊ ನಿಭಾಯಿಸಬಹುದಾಗಿದ್ದುದು ಕೈಯಲ್ಲಿ ಕಾಸಾಡುವ ಮನೆಗಳಿಗೇ. ಉಳಿದವರು ಆ ಮನೆಗಳ ಜಗಲಿಯ ಕೇಳುಗರು. ಒಂದು ಬ್ಯಾಟರಿಯ ಆಯುಷ್ಯ ಊರಿಗೆ ಯಾವ ಸುದ್ದಿ, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುತ್ತಿತ್ತು. ವಾರ್ತೆ ಮುಗಿಯುತ್ತಿದ್ದಂತೆ ಯಜಮಾನರು ಗುಂಡಿ ತಿರುಗಿಸಿ ಆರಿಸುವುದು ಜಿಪುಣತನವಾಗಿರಬೇಕೆಂದೇನಿಲ್ಲ.

ಇದನ್ನು ಸರ್ಕಾರವೂ ಅರಿತಿತ್ತು. ಮೈಸೂರು, ಬೆಂಗಳೂರುಗಳ ಉದ್ಯಾನಗಳಲ್ಲಿ ಸಂಜೆ ಸಾರ್ವಜನಿಕರಿಗೆ ರೇಡಿಯೊ ಕೇಳಿಸುವ ಪದ್ಧತಿ ಇತ್ತು. 1950ರ ದಶಕದಲ್ಲಿ ಹಳ್ಳಿಗಳಿಗೆ ಸಮುದಾಯ ರೇಡಿಯೊ ಪೆಟ್ಟಿಗೆ ಕೊಡುವ ಯೋಜನೆ ದೇಶದಾದ್ಯಂತ ನಡೆಯಿತು. ಜನ ಅದನ್ನು ಪಂಚಾಯ್ತಿ ರೇಡಿಯೊ ಎಂದರು. 1956ರಲ್ಲಿ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ರೈತರು ಗುಂಪಾಗಿ ಕುಳಿತು ಕೇಳಿ ಚರ್ಚಿಸುವ ಪ್ರಯೋಗ ನಡೆಯಿತು. 1959ರಿಂದ ಅದು ಬೇರೆ ಪ್ರಾಂತಗಳಿಗೂ ಹಬ್ಬಿತು. ಬೆಂಗಳೂರು ನಿಲಯದ ‘ಕೃಷಿರಂಗ’ಕ್ಕೆ ಹಳ್ಳಿಗಳಲ್ಲಿ ಕಿವಿ ಒದಗಿಸಿದವುಗಳಲ್ಲಿ ಇಂಥ ಪೆಟ್ಟಿಗೆಗಳೂ ಸೇರಿದ್ದವು. ಒಳ್ಳೆಯ ಯೋಜನೆಯೇ. ಆದರೆ ಕೆಟ್ಟ ಪೆಟ್ಟಿಗೆಯನ್ನು ರಿಪೇರಿ ಮಾಡಿಸುವ, ತೀರಿದ ಬ್ಯಾಟರಿಯನ್ನು ಬದಲಿಸುವ ಹೊಣೆ ಯಾರದೆಂಬಲ್ಲಿ ಇಂಥ ಯೋಜನೆ ಮುಗ್ಗರಿಸುವುದು ಸಹಜ. ಎಲ್ಲರ ವಸ್ತು ಯಾರ ವಸ್ತುವೂ ಆಗದೆ ಮೂಲೆಗೆ ಸೇರಲು ಒಂದು ಸುಟ್ಟ ವಾಲ್ವ್ ಸಾಕಾಗಿತ್ತು.

ಮನೆಯಲ್ಲಿ ರೇಡಿಯೊ ಇಡಬೇಕಾದರೆ ಲೈಸೆನ್ಸ್ ಬೇಕಿತ್ತು ಎಂಬುದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. 1933ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದ ಪೆಟ್ಟಿಗೆ ಇಟ್ಟುಕೊಳ್ಳುವುದು ಅಪರಾಧ. ಅಂಚೆ ಕಚೇರಿಗೆ ಹೋಗಿ, ಪುಟ್ಟ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿ ಮುದ್ರೆ ಒತ್ತಿಸಿಕೊಳ್ಳಬೇಕು, ವರ್ಷ ವರ್ಷವೂ. 1980ರ ದಶಕದ ನಡುಭಾಗದವರೆಗೆ ಇದು ನಡೆಯಿತು. ಕೇಳುವುದಕ್ಕೆ ತೆರಿಗೆ ಕಟ್ಟಿದವನು ಯಾವ ನಿಲಯ ಕೇಳಬೇಕೆಂದು ಮಾತ್ರ ಕಾಯ್ದೆ ಹೇಳಲಾರದು. ಅದನ್ನು ಹೇಳುತ್ತಿದ್ದುದು ಆಕಾಶ.

ಆಕಾಶದ ನ್ಯಾಯ ವಿಚಿತ್ರ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಅಂಕುಶ ಬಿತ್ತು. ಕೇಳುಗರು ಡಯಲಿನ ಮುಳ್ಳನ್ನು ರೇಡಿಯೊ ಸಿಲೋನ್‌ಗೆ ತಿರುಗಿಸಿದರು. ಬಿನಾಕಾ ಗೀತಮಾಲಾ ಶುರುವಾದದ್ದೂ ಅದೇ ವರ್ಷ. ಕೊಲಂಬೊ ಬಳಸುತ್ತಿದ್ದುದು 25 ಮೀಟರ್, 41 ಮೀಟರ್ ಪಟ್ಟಿಗಳ ಕಿರುತರಂಗವನ್ನು. ಕಿರುತರಂಗ ಹಗಲಿನಲ್ಲೂ ಮೇಲಿನ ಪದರದಿಂದ ಹಿಂದಿರುಗುತ್ತದೆ, ಗುಡ್ಡ ಕಣಿವೆಗಳ ಹಂಗು ಅದಕ್ಕಿಲ್ಲ. ಹೀಗೆ 800 ಕಿಲೊಮೀಟರ್ ದೂರದ ಕೊಲಂಬೊ, 190 ಕಿಲೊಮೀಟರ್ ದೂರದ ಬೆಂಗಳೂರಿಗಿಂತ ಮಲೆನಾಡಿಗೆ ಹತ್ತಿರದ್ದಾಗಿ ಕೇಳಿಸುವುದು ಸಾಧ್ಯವಿತ್ತು. ರೇಡಿಯೊದಲ್ಲಿ ಬೇಕಾದದ್ದು ಇನ್ನೊಂದು ಜೊತೆ ಸುರುಳಿ ಮತ್ತು ಅವನ್ನು ಬದಲಿಸುವ ಒಂದು ಗುಂಡಿ. ಉಳಿದದ್ದೆಲ್ಲ ಅದೇ 455. 1957ರಲ್ಲಿ ವಿವಿಧ ಭಾರತಿ ಆರಂಭವಾದದ್ದು ಈ ಪೈಪೋಟಿಗೆ ಉತ್ತರವಾಗಿ.

ಪೆಟ್ಟಿಗೆ ಕೆಟ್ಟಾಗ ಪಟ್ಟಣದ ರಿಪೇರಿಯವರು ಅದನ್ನು ಓದುತ್ತಿದ್ದ ಕ್ರಮವನ್ನೂ ಇಲ್ಲಿ ಹೇಳಬೇಕು. ಅವರು ಸ್ಪೀಕರಿನಿಂದ ಹಿಂದಕ್ಕೆ ಬರುತ್ತಾರೆ. ಕೊನೆಯ ವಾಲ್ವ್‌ನ ಗ್ರಿಡ್ಡಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದರೆ ಗುಂಯ್ ಎನ್ನಬೇಕು. ಅದರ ಹಿಂದಿನದಕ್ಕೆ ತಾಗಿಸಿದರೆ ಇನ್ನೂ ಜೋರಾಗಿ. ಎಲ್ಲಿ ಸದ್ದು ನಿಂತಿತೋ ಅಲ್ಲಿ ರೋಗ. ಸದಾ ಗುಂಯ್ ಎನ್ನುತ್ತಿದ್ದರೆ ದೊಡ್ಡ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಒಣಗಿದೆ. ದನಿ ಒಡೆದು, ಕೊನೆಯ ವಾಲ್ವ್ ಅತಿಯಾಗಿ ಕಾಯುತ್ತಿದ್ದರೆ ಅದರ ಮುಂದಿನ ಕಾಗದದ ಕಂಡೆನ್ಸರ್ ಸೋರುತ್ತಿದೆ. ಮೀಟರ್ ಇಲ್ಲದೆಯೂ ಅರ್ಧ ರೋಗ ತಿಳಿಯುತ್ತಿತ್ತು. ಆದರೆ ಎ.ಸಿ.-ಡಿ.ಸಿ. ಎಂಬ ಅಗ್ಗದ ಸೆಟ್ಟುಗಳಲ್ಲಿ ಒಳಗಿನ ಲೋಹದ ತಟ್ಟೆಗೇ ವಿದ್ಯುತ್ ಹರಿಯುವ ಸಂಭವ ಇರುತ್ತಿದ್ದುದರಿಂದ ಈ ವೈದ್ಯರಿಗೆ ಧೈರ್ಯವೂ ಬೇಕಿತ್ತು.

ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಕಾಲಕ್ಕೂ ಕೈಹಾಕಿತು. ನಾಡಿನ ವಾಲ್ವ್ ಹುಟ್ಟಿದ ಗಳಿಗೆಯಲ್ಲೇ ಅದರ ಮುಪ್ಪೂ ಶುರುವಾಯಿತು ಎನ್ನಬೇಕು. ಟ್ರಾನ್ಸಿಸ್ಟರಿಗೆ ಕಾಯಿಸುವ ತಂತಿ ಬೇಡ, 90 ವೋಲ್ಟ್ ಬೇಡ. ನಾಲ್ಕು ಟಾರ್ಚ್ ಸೆಲ್ಲುಗಳಲ್ಲಿ ವಾರಗಟ್ಟಲೆ ನಡೆಯುತ್ತದೆ. ಒಳಗೇ ಇರುವ ಕಪ್ಪು ಫೆರೈಟ್ ಕೋಲು ಏರಿಯಲ್ ಆಗುತ್ತದೆ. ಜಗಲಿಯ ರೇಡಿಯೊ ಹೊಲಕ್ಕೆ, ಎತ್ತಿನ ಗಾಡಿಗೆ ಹೋಯಿತು. ಒಳಗಿನ ತತ್ವ ಮಾತ್ರ 1918ರದ್ದೇ: ಗ್ಯಾಂಗ್, ಆಂದೋಲಕ, ಐ.ಎಫ್.ಟಿ., 455.

ಕೊನೆಗೂ ಗೆಂಡೆಹಳ್ಳಿಗೆ ಹತ್ತಿರದ ನಿಲಯವೊಂದು ಬಂದಿತು. 1990ರ ದಶಕದ ಆರಂಭದಲ್ಲಿ ಹಾಸನದಲ್ಲಿ ಆಕಾಶವಾಣಿ ನಿಲಯ ತೆರೆಯಿತು. ದೂರ 40 ಕಿಲೊಮೀಟರಿನ ಆಸುಪಾಸು. ಆದರೆ ಅದು ಎಫ್.ಎಂ. ನಿಲಯ, ಆವರ್ತನ 102.2 ಮೆಗಾಹರ್ಟ್ಸ್. ಹಳೆಯ ರೇಡಿಯೊದ ಕಿರುತರಂಗದ ಕಡೆಯ ಗೆರೆ ಸಾಮಾನ್ಯವಾಗಿ 20 ಮೆಗಾಹರ್ಟ್ಸ್‌ನ ಅಕ್ಕಪಕ್ಕದಲ್ಲೇ ಮುಗಿಯುತ್ತದೆ. ಮೇಲಾಗಿ ಎಫ್.ಎಂ.ನಲ್ಲಿ ಮಾತನ್ನು ಹೊರಿಸುವ ರೀತಿಯೇ ಬೇರೆ. ಅಲೆಯ ಎತ್ತರ ಬದಲಾಗುವುದಿಲ್ಲ, ಆವರ್ತನ ಅಲುಗುತ್ತದೆ. ಅಲೆಯ ಎತ್ತರವನ್ನಷ್ಟೇ ಓದಬಲ್ಲ ಹಳೆಯ ವಾಲ್ವ್‌ಗೆ ಅದರಲ್ಲಿ ಓದುವುದಕ್ಕೆ ಏನೂ ಇಲ್ಲ. ಕೊಲಂಬೊ ಕೇಳಿಸಿಕೊಂಡ ಪೆಟ್ಟಿಗೆ ಹಾಸನಕ್ಕೆ ಕಿವುಡಾಯಿತು. 1974ರಲ್ಲಿ ಮತ್ತೆ ತೆರೆದ ಮೈಸೂರು ನಿಲಯವೂ ಮುಂದೆ ಎಫ್.ಎಂ.ಗೆ ಬಂದಿತು. ಈ ಎಫ್.ಎಂ. ಪದ್ಧತಿಗೆ 1933ರಲ್ಲಿ ಪೇಟೆಂಟ್ ಪಡೆದವರೂ ಸೂಪರ್‌ಹೆಟ್ ಕಂಡುಹಿಡಿದ ಅದೇ ಎಡ್ವಿನ್ ಆರ್ಮ್‌ಸ್ಟ್ರಾಂಗ್.

ಅಟ್ಟದ ಮೇಲೆ ಉಳಿದಿರುವ ಪೆಟ್ಟಿಗೆಗಳನ್ನು ಕೆಳಗಿಳಿಸಿ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವುದು ತಪ್ಪು. ಮೊದಲು ಕಾಗದದ ಮತ್ತು ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳನ್ನು ಬದಲಿಸಬೇಕು, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ವಾಲ್ವ್‌ಗಳು ಎಷ್ಟೋ ಸಲ ಇನ್ನೂ ಚೆನ್ನಾಗಿರುತ್ತವೆ. ರಿಪೇರಿಯಾದ ಮೇಲೂ ಮಧ್ಯಮ ತರಂಗದಲ್ಲಿ ಮೊದಲು ಕೇಳುವುದು ಬರೀ ಕರಕರ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳು ಎಬ್ಬಿಸುವ ಗದ್ದಲವದು. 90 ವೋಲ್ಟಿನ ಹಳೆಯ ಬ್ಯಾಟರಿ ಈಗ ಅಂಗಡಿಯಲ್ಲಿಲ್ಲ. ಹವ್ಯಾಸಿಗಳು ಒಂಬತ್ತು ವೋಲ್ಟಿನ ಹತ್ತು ಸಣ್ಣ ಬ್ಯಾಟರಿಗಳನ್ನು ಒಂದರ ಬಾಲಕ್ಕೊಂದು ಸಿಕ್ಕಿಸಿ ಹಳ್ಳಿಯ ಬ್ಯಾಟರಿ ಸೆಟ್ಟನ್ನು ನಡೆಸುತ್ತಾರೆ. ಮಳೆಗಾಲದಲ್ಲಿ ಊರಿಗೆಲ್ಲ ಕರೆಂಟು ಹೋದ ರಾತ್ರಿ ಅದನ್ನು ಹಾಕಿದರೆ ಕರಕರ ನಿಂತಿರುತ್ತದೆ, ಮುಳ್ಳು ಸರಿದ ಕಡೆಯಲ್ಲೆಲ್ಲ ಒಂದೊಂದು ದೂರದ ನಿಲಯ ಏರುತ್ತ ಇಳಿಯುತ್ತ ಕೇಳುತ್ತದೆ.